ಕೊಡಬೇಕಾದ ಬೋನಸ್ಸು, ಹಾಕದ ಹೆಬ್ಬೆಟ್ಟು

ಮಾರ್ಚ್ ಬಂತೆಂದರೆ ಲೆಕ್ಕ ಬರೆಯುವವನ ಬಾಳಿನಲ್ಲಿ ಇಂಥದ್ದೊಂದು ನಡೆಯದೆ ವರ್ಷ ಮುಗಿಯುವುದಿಲ್ಲ. ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲು. ಕೊರಟಗೆರೆ, ಶಿರಾ, ಪಾವಗಡದಲ್ಲಿ ಒಂದೊಂದು ಅಂಗಡಿ. ಎಲ್ಲಕ್ಕೂ ಯಜಮಾನರು ಒಬ್ಬರೇ, ಲೆಕ್ಕದವನು ನಾನೊಬ್ಬನೇ. ವರ್ಷದ ಕೊನೆಗೆ ಕೆಲಸದವರ ಬೋನಸ್ಸನ್ನು ‘ಕೊಡಬೇಕಾದ್ದು’ ಎಂದು ಖರ್ಚಿಗೆ ಬರೆಯುತ್ತೇವೆ. ಖರ್ಚು ಏರಿದರೆ ಲಾಭ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ. ಕೊಡುವುದು ಮಾತ್ರ ಮುಂದಿನ ವರ್ಷಕ್ಕೆ, ಅಲ್ಲಿಂದ ಅದರ ಮುಂದಿನ ವರ್ಷಕ್ಕೆ. ಮೊದಲ ಸಲ ನಾನು ಹಿಂಜರಿದಾಗ ಯಜಮಾನರು, “ಬರೀರಿ ಸ್ವಾಮಿ, ಬರಿಯೋಕೇನು ದುಡ್ಡು ಕೊಡ್ಬೇಕಾ?” ಎಂದರು. ಬರೆದೆ. ಆಗಲೇ ಒಂದು ಮಾತು ಆಡಬೇಕಿತ್ತು, ಆಡಲಿಲ್ಲ.

ಕೊರಟಗೆರೆ

ಅಂಗಡಿಯಲ್ಲಿ ಎಣ್ಣೆ ಅಳೆಯುವವನು ಬೋನಸ್ ಎಲ್ಲಿ ಎಂದು ಕೇಳಿದ. “ಪುಸ್ತಕದಲ್ಲಿದೆಯಪ್ಪಾ” ಎಂದೆ. ಸುಳ್ಳೇನಲ್ಲ. ಅವನು ಹೋಗಿ ಮನೆಯಲ್ಲಿ ಹೇಳಿದ. ಮರುದಿನ ಅವನ ಹೆಂಡತಿಯ ತಂದೆ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದರು.

“ನಮ್ಮ ಅಳಿಯನ ದುಡ್ಡು ಪುಸ್ತಕದಾಗೈತಂತೆ. ವಸಿ ತೋರ್ಸಿ ಸಾಮಿ.”

ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಕನ್ನಡಕ ಏರಿಸಿ ಅಳಿಯನ ಹೆಸರನ್ನು ಒಂದೊಂದೇ ಅಕ್ಷರ ಓದಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಈಗ ದುಡ್ಡು ಕೇಳುತ್ತಾರೆಂದು ಕಾದೆ. ಅವರು ಎದ್ದು ನಿಂತು, “ಅಲ್ಲೇ ಇರ್ಲಿ ಬುಡಿ. ಅವನ ಕೈಗೆ ಕೊಟ್ರೆ ಒಂದೇ ದಿನಕ್ಕೆ ಕರಗುಸ್ಬುಡ್ತಾನೆ. ನಿಮ್ಮ ಪುಸ್ತಕದಾಗಿದ್ರೆ ಯಾವ ಕಾಲಕ್ಕೂ ಖರ್ಚಾಗಾಕಿಲ್ಲ” ಎಂದರು.

ಶಿರಾ

ಒಂದು ವರ್ಷ ಆಡಿಟರು, ರಿಟರ್ನ್ ಸಲ್ಲಿಸುವುದರೊಳಗೆ ಕೊಡದ ಬೋನಸ್ಸನ್ನು ಖರ್ಚೆಂದು ಒಪ್ಪುವುದಿಲ್ಲ ಎಂದು ಹಟ ಹಿಡಿದರು. ಯಜಮಾನರು ಉಪಾಯ ಹೂಡಿದರು. ಶಿರಾ ಅಂಗಡಿಯವರ ಖಾತೆಗೆ ಬೆಳಿಗ್ಗೆ ದುಡ್ಡು ಹಾಕುವುದು, ಸಂಜೆ ನಗದಾಗಿ ವಾಪಸು ಪಡೆಯುವುದು. ವಸೂಲಿಗೆ ನನ್ನನ್ನೇ ಕಳಿಸಿದರು. ಮೂವರು ತಲೆ ತಗ್ಗಿಸಿ ಕೊಟ್ಟರು, ನಾನೂ ತಲೆ ತಗ್ಗಿಸಿಯೇ ಎಣಿಸಿಕೊಂಡೆ. ಅಂಥ ಪಾಪದ ಕೆಲಸ ನಾನು ಇನ್ನೊಂದು ಮಾಡಿಲ್ಲ.

ನಾಲ್ಕನೆಯವರು ಅಂಗಡಿಯ ಹಿರಿಯ ಆಳು. ಮೂರು ದಿನ ಪತ್ತೆಯಿಲ್ಲ. ನಾಲ್ಕನೇ ದಿನ ಹಾಯಾಗಿ ಬಂದರು.

“ದುಡ್ಡು ವಾಪಸ್ ಕೊಡ್ಬೇಕಿತ್ತಲ್ಲ?” ಎಂದೆ.

“ಅದಾ? ಈಗ ಹುಲಿಕುಂಟೆ ತಾವ ಮೇಯ್ತಾ ಐತೆ ಸಾರ್. ಎರಡು ಕುರಿಮರಿ. ಹಿಡ್ಕಂಡು ಬಂದು ಗಲ್ಲಾಪೆಟ್ಟಿಗೆಗೆ ಕಟ್ಲಾ?”

ಪಾವಗಡ

ಇಲ್ಲಿ ಎಣ್ಣೆ ಡಬ್ಬ ಇಳಿಸುವವನ ಚಿಕ್ಕಪ್ಪನ ಹೊಲ ವಳ್ಳೂರಿನಲ್ಲಿ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಅವನು ನನ್ನನ್ನು ಅಂಗಡಿ ಮುಂದೆ ನಿಲ್ಲಿಸಿಕೊಂಡು, ತೆಲುಗು ಬೆರೆಸಿ ಶುರುಮಾಡಿದ.

“ಏಮಿ ಸಾರ್ ಇದಿ? ನಮ್ ಚಿಕ್ಕಪ್ಪನ ಹೊಲ ಬಿಸಿಲಾಗೆ ಸುಮ್ಕೆ ಬಿದ್ಕಂಡಿರಾದಕ್ಕೆ ವರ್ಷಾವರ್ಷ ಬಾಡಿಗೆ ಬತ್ತೈತೆ. ನಾನು ಅದೇ ಬಿಸಿಲಾಗೆ ಡಬ್ಬ ಹೊತ್ರೂ ಬೋನಸ್ ಇಲ್ಲ. ನನ್ ತಲೆ ಮ್ಯಾಲೂ ಒಂದು ಸೋಲಾರ್ ಪ್ಲೇಟ್ ಕೂಡ್ಸಿ ನೋಡಾನ.”

ಮಧುಗಿರಿ

ಈ ವರ್ಷ ಆಡಿಟರು ಹೊಸದೊಂದು ಕೇಳಿದರು: ‘ನನಗೆ ಇಷ್ಟು ಬೋನಸ್ ಬರಬೇಕಿದೆ, ಇನ್ನೂ ಬಂದಿಲ್ಲ’ ಎಂದು ಪ್ರತಿಯೊಬ್ಬರ ಸಹಿ ಬೇಕು. ಮಿಲ್ಲಿನಲ್ಲಿ ಕಡಲೆ ಬೀಜ ಆರಿಸುವ ಅಮ್ಮ ಮಿಡಿಗೇಶಿ ಊರಿನವರು. ಆ ತಿಂಗಳ ಕೊನೆಗೆ ಕೆಲಸ ಬಿಡುವವರು. ಮೂರು ವರ್ಷದ ಬೋನಸ್ಸು ಬಾಕಿ. ಬಿಟ್ಟು ಹೋದ ಮೇಲೆ ಅದು ಅವರ ಕೈಸೇರುವುದಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು. ಇಂಕಿನ ಪ್ಯಾಡು ಮುಂದಿಟ್ಟೆ.

“ದುಡ್ಡೆಲ್ಲಿ?” ಎಂದರು.

“ದುಡ್ಡು ಕೊಟ್ಟಿಲ್ಲ ಅಂತಲೇ ಈ ಹೆಬ್ಬೆಟ್ಟು ಕಣಮ್ಮ.”

“ಕೊಡ್ಬೇಕಾದೋರು ಅವ್ರು, ಹೆಬ್ಬೆಟ್ಟು ನಂದಾ? ಕೊಟ್ಟಿಲ್ಲ ಅಂತ ನಿಮ್ಮ ಯಜಮಾನ್ರ ಹೆಬ್ಬೆಟ್ಟು ಹಾಕುಸ್ಕಂಡು ಬನ್ನಿ, ನಾನು ಮಡಿಕ್ಕಂತೀನಿ.”

ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಮಾತು. ಯಜಮಾನರ ಬಳಿ ಹೋದೆ, ಅವರು ನಕ್ಕು ಫೋನು ಎತ್ತಿಕೊಂಡರು. ವಾಪಸು ಬಂದು, ಮೂರು ವರ್ಷದ ಬಾಕಿ ಇಷ್ಟು ಎಂದು ನಾನೇ ಬರೆದು, ಮಿಲ್ಲಿನ ಸೀಲು ಒತ್ತಿ, ಸಹಿ ಮಾಡಿ ಕೊಟ್ಟೆ. ಕೆಲಸ ಹೋದರೂ ಹೋಗಲಿ ಅನ್ನಿಸಿತ್ತು. ಅವರು ಅದನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿದರು.

“ನಿಮ್ದೂ ಬಾಕಿ ಐತಾ?”

“ಐತಮ್ಮ, ಐದು ವರ್ಷದ್ದು.”

“ನಿಮಗ್ಯಾರು ಬರ್ಕೊಟ್ಟವ್ರೆ?”

ಆಡಿಟರಿಗೆಂದು ನಾನೂ ಸಹಿ ಹಾಕಬೇಕಿದ್ದ ಕಾಗದವನ್ನು ತೋರಿಸಿದೆ.

“ಅಯ್ಯೋ, ಓದ್ಕಂಡೋರ ಪಾಡೂ ಇಂಗಾ! ತನ್ನಿ ಇಲ್ಲಿ” ಎಂದು ಆ ಕಾಗದ ಎಳೆದುಕೊಂಡು, ಪ್ಯಾಡಿಗೆ ಒತ್ತಿ, ಹೆಬ್ಬೆಟ್ಟು ಹಾಕಿಯೇಬಿಟ್ಟರು. “ನಿಮಗೆ ಕೊಟ್ಟಿಲ್ಲ ಅನ್ನೋದಕ್ಕೆ ನಾನು ಸಾಕ್ಷಿ.”

ಅವರು ಕೆಲಸ ಬಿಟ್ಟು ಹೋದರು. ದುಡ್ಡು ಇನ್ನೂ ಬಂದಿಲ್ಲ, ಅವರದೂ, ನನ್ನದೂ. ಆಡಿಟರು ಮಾತ್ರ ನನ್ನ ಕಾಗದ ನೋಡಿ ಹುಬ್ಬೇರಿಸಿದರು.

“ಏನ್ರೀ, ಲೆಕ್ಕ ಬರೆಯೋ ನೀವೇ ಹೆಬ್ಬೆಟ್ಟು ಹಾಕೋದಾ?”

“ಅದು ಬೀಜ ಆರಿಸೋ ಅಮ್ಮನದು ಸಾರ್” ಎಂದೆ. “ನಮ್ಮ ಮಿಲ್ಲಿನಲ್ಲಿ ಲೆಕ್ಕ ಬರೋದು ಅವರೊಬ್ಬರಿಗೇ.”