ಮಲಸಾದದ ಮೊದಲೆರಡು ಅಕ್ಷರ

ಬಾಯಿ ಬಿಟ್ಟು ಕೇಳಕ್ಕೆ ನಾಚ್ಕೊಳ್ಳೋರಿಗೆ ತಿಂಡಿ ಅಂಗಡೀಲಿ ಒಂದಲ್ಲ ಒಂದು ಎಡವಟ್ಟು ಆಗ್ತಾನೇ ಇರುತ್ತೆ. ನನಗಂತೂ ಒಂದೇ ಬೇಕರೀಲಿ ಇಷ್ಟೆಲ್ಲ ಆಗಿದೆ. ಇದುವರೆಗೂ ಯಾರಿಗೂ ಹೇಳಿರ್ಲಿಲ್ಲ.

ಸೋಲದೇವನಹಳ್ಳೀಲಿ ನಮ್ಮ ಕಾಲೇಜಿಂದ ಬಸ್ ಸ್ಟಾಪಿಗೆ ಬರೋ ದಾರೀಲಿದೆ ಆ ಬೇಕರಿ. ಬೇಕರಿ ಅಂಕಲ್ ಗೋವಾದವರು. ಕನ್ನಡ ಚೆನ್ನಾಗಿ ಮಾತಾಡ್ತಾರೆ, ಓದಕ್ಕೆ ಮಾತ್ರ ಬರಲ್ಲ. ಅಲ್ಲಿ ಫೇಮಸ್ಸು ಪೋರ್ಚುಗೀಸರ ಡೋನಟ್. ತೂತಿರಲ್ಲ. ಎಣ್ಣೇಲಿ ಉಬ್ಬೋ ಹಂಗೆ ಕರ್ದು ಸಕ್ಕರೇಲಿ ಹೊರಳಿಸ್ತಾರೆ. ಗಾಜಿನ ಪೆಟ್ಟಿಗೇಲಿರೋವು ಬೆಳಗಿನವು, ತಣ್ಣಗಿರುತ್ವೆ. ಬಿಸಿದು ಒಳಗಿರುತ್ತೆ, ಹೆಸರು ಹೇಳಿ ಕೇಳಿದೋರಿಗೆ ಮಾತ್ರ ತಂದ್ಕೊಡ್ತಾರೆ. ಹೆಸರು ಮಲಸಾದ.

ನಾನು ಕನ್ನಡ ಪುಸ್ತಕ ಜಾಸ್ತಿ ಓದ್ತೀನಿ. ಆ ಹೆಸರಿನ ಮೊದಲೆರಡು ಅಕ್ಷರಕ್ಕೆ ಏನರ್ಥ ಅಂತ ಗೊತ್ತು. ಅದಕ್ಕೇ ಬಿಸಿದು ತಿನ್ಬೇಕು ಅಂತ ಎಷ್ಟೇ ಆಸೆಯಿದ್ರೂ ಬಾಯಿಗೆ ಬರ್ತಿರ್ಲಿಲ್ಲ.

ಬೆರಳು

ಹೋಗ್ಲಿ, ತಣ್ಣಗಿರೋದೇ ಸಾಕು ಅಂತ ಗಾಜಿನ ಮೇಲೆ ಬೆರಳಿಟ್ಟು ತೋರಿಸ್ದೆ. ಪಕ್ಕದಲ್ಲಿ ಖಾರಾ ಬನ್ ಇತ್ತು. ಅಂಕಲ್ ಅದನ್ನೇ ಕಟ್ಟಿಕೊಟ್ರು. ಅದಲ್ಲ ಅನ್ನೋಷ್ಟರಲ್ಲಿ ಹಿಂದಿದ್ದೋರು ಮುಂದೆ ಬಂದಿದ್ರು. ಮಾರನೇ ದಿನವೂ ಅದೇ ಆಯ್ತು. ನಾಲ್ಕನೇ ದಿನ ಬೆರಳೇ ಬೇಕಾಗ್ಲಿಲ್ಲ. ನನ್ನ ನೋಡಿದ ತಕ್ಷಣ ಖಾರಾ ಬನ್ ಕಟ್ತಾ, ಪಕ್ಕದಲ್ಲಿ ಟೀ ಕುಡೀತಿದ್ದೋರಿಗೆ ಹೇಳಿದ್ರು, "ಈ ಹುಡುಗಿಗೆ ನಮ್ಮ ಖಾರಾ ಬನ್ ಅಂದ್ರೆ ಪ್ರಾಣ ಕಣ್ರೀ."

ನನಗೆ ಖಾರ ಅಂದ್ರೇನೇ ಆಗಲ್ಲ. ಹೌದು ಅಂತ ತಲೆಯಾಡಿಸ್ದೆ.

ಕಣ್ಣಿಗೊತ್ತಿಕೊಂಡಿದ್ದು

ಒಂದಿನ ಫ್ರೆಂಡ್ ತಾನೇ ಕೇಳಿ ನನಗೂ ಒಂದು ಕೊಡಿಸಿದ್ಲು. ಅಜ್ಜಿ ಜೊತೆ ತಿನ್ನೋಣ ಅಂತ ಮನೆಗೆ ತಂದೆ. ದಾಸರಹಳ್ಳಿ ಮುಟ್ಟೋಷ್ಟರಲ್ಲಿ ತಣ್ಣಗಾಗಿತ್ತು.

ಏನೇ ಇದು ಅಂದ್ರು ಅಜ್ಜಿ. ನಾನು ಮೊದಲೆರಡು ಅಕ್ಷರ ನುಂಗಿಬಿಟ್ಟು "ಸಾದ" ಅಂದೆ. ಅಜ್ಜಿಗೆ ಕಿವಿ ಸ್ವಲ್ಪ ಮಂದ. ಎದ್ದು ಹೋಗಿ ಕೈ ತೊಳ್ಕೊಂಡು ಬಂದು, ಅದನ್ನ ಎರಡೂ ಕಣ್ಣಿಗೆ ಒತ್ಕೊಂಡ್ರು. ರೆಪ್ಪೆ ತುಂಬ ಸಕ್ಕರೆ. ಪಕ್ಕದ ಮನೆ ಆಂಟಿನೂ ಕರೆದು, ಬಲಗೈಲಿ ಇಸ್ಕೋ ಅಂತ ಹೇಳಿ ಒಂದು ಚೂರು ಕೊಟ್ರು. ನನಗೆ ಉಳಿದಿದ್ದು ಕವರಿನ ತಳದ ಸಕ್ಕರೆ.

ಅಜ್ಜಿ ಬೆರಳು ನೆಕ್ಕೊಂಡು ಹೇಳಿದ್ರು, "ಯಾವ ದೇವ್ರೋ ಗೊತ್ತಿಲ್ಲ ಕಣವ್ವಾ. ಇಂಗೆ ಕರ್ದು ಕೊಡೋ ದೇವ್ರಿಗೆ ನೀನು ವಾರಾವಾರ ಓಗಿ ಬಾ."

ಬೋರ್ಡು

ಹೋದ ತಿಂಗಳು ಅಂಕಲ್ ಕನ್ನಡದಲ್ಲಿ ಹೊಸ ಬೋರ್ಡು ಬರೆಸಿದ್ರು. ಬರೆಯೋನಿಗೆ ಜಾಗ ಸಾಲ್ಲಿಲ್ಲ. ಮೇಲಿನ ಸಾಲಲ್ಲಿ "ಬಿಸಿ ಬಿಸಿ ಮಲ". ಕೆಳಗಿನ ಸಾಲಲ್ಲಿ "ಸಾದ".

ನಮ್ಮ ಕಾಲೇಜಿನವ್ರು ಬಂದು ಬೋರ್ಡಿನ ಫೋಟೋ ತೆಗೆಯೋರು, ನಗೋರು, ಏನೂ ತಗೊಳ್ದೇ ಹೋಗೋರು. ಅಂಕಲ್ ಮೊದಮೊದಲು ಖುಷಿಯಾಗಿ ಕೈ ಬೀಸ್ತಿದ್ರು. ಆಮೇಲಾಮೇಲೆ ಸಂಜೆಯಾದ್ರೂ ಟ್ರೇ ಖಾಲಿಯಾಗ್ತಿರ್ಲಿಲ್ಲ. ಒಂದಿನ ಖಾರಾ ಬನ್ ಕಟ್ತಾ, ರುಚಿ ಏನಾದ್ರೂ ಕೆಟ್ಟಿದ್ಯಾಮ್ಮಾ ಅಂತ ನನ್ನೇ ಕೇಳಿದ್ರು. ಮುಖ ಸಣ್ಣಗಾಗಿತ್ತು. ಸುಮ್ನಿರಕ್ಕೆ ಆಗ್ಲಿಲ್ಲ.

"ಅಂಕಲ್, ಬೋರ್ಡಲ್ಲಿ ಮಲ ಅಂತಿದೆ."

"ಮಲ ಅಂದ್ರೆ?"

ಮರ್ಯಾದೆಯಾಗಿರೋ ಪದ ಹುಡುಕ್ದೆ. "ವಿಸರ್ಜನೆ."

"ಗಣೇಶಂದಾ?"

"ಅಲ್ಲ ಅಂಕಲ್. ಮನುಷ್ಯರದು."

ಆಗ್ಲೂ ಅರ್ಥವಾಗ್ಲಿಲ್ಲ. ಒಳಗೆ ಹಿಟ್ಟು ಕಲಸೋ ಮಿಷನ್ ಗರಗರ ಅಂತಿತ್ತು, ಕೇಳಿಸ್ತಿಲ್ವೇನೋ ಅಂತ ನಾನು ಇದ್ದಬದ್ದ ಧೈರ್ಯವೆಲ್ಲ ಸೇರಿಸಿ, "ಕಕ್ಕ ಅಂಕಲ್, ಕಕ್ಕ" ಅಂತ ಕೂಗ್ದೆ. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗಿ ಮಿಷನ್ ನಿಲ್ತು. ಇಡೀ ಅಂಗಡಿಗೆ ಕೇಳಿಸ್ತು. ಪಫ್ಸ್ ತಿಂತಿದ್ದೋರೊಬ್ರು ಬಾಯಿಂದ ತೆಗೆದು ಒಳಗೇನಿದೆ ಅಂತ ನೋಡ್ಕೊಂಡ್ರು.

ಅಂಕಲ್ ಹೊರಗೆ ಹೋಗಿ ತಲೆಯೆತ್ತಿ ಬೋರ್ಡನ್ನ ತುಂಬ ಹೊತ್ತು ನೋಡಿದ್ರು. ಆಮೇಲೆ ಮೆಲ್ಲಗೆ ಹೇಳಿದ್ರು, "ಬಿಸಿ ಬಿಸಿ ಅಂತ ಬೇರೆ ನಾನೇ ಹೇಳಿ ಬರೆಸಿದೀನಲ್ಲಮ್ಮಾ."

ಹೇಳಿ ಮುಗಿಸಿ ಮೆಟ್ಟಿಲ ಮೇಲೆ ಕೂತು ನಗಕ್ಕೆ ಶುರು ಮಾಡಿದ್ರು. ನಿಲ್ಲಿಸಕ್ಕೇ ಆಗ್ಲಿಲ್ಲ. ಕಣ್ಣೊರೆಸ್ಕೊಂಡು ಒಳಗೆ ಹೋಗಿ, ಆಗಷ್ಟೇ ಎಣ್ಣೆಯಿಂದ ತೆಗೆದಿದ್ದನ್ನ ಪೇಪರಲ್ಲಿ ಸುತ್ತಿ ತಂದ್ಕೊಟ್ರು. ಬೆರಳು ಸುಡ್ತಿತ್ತು. ಒಳಗೆ ಹತ್ತಿ ಥರ. ಕೊನೆಗೂ ಬಿಸಿದು, ಅದೂ ಹೆಸರಿನ ಅರ್ಧ ಮಾತ್ರ ಹೇಳಿ.

ಹೊರಡೋವಾಗ ಅಂಕಲ್ ಇನ್ನೊಂದು ಪೊಟ್ಟಣ ಕೈಗಿಟ್ರು. "ಅದು ನನ್ನ ಲೆಕ್ಕ. ಇದು ನಿನಗಿಷ್ಟ ಅಂತ."

ಬಿಚ್ಚಿ ನೋಡಿದ್ರೆ, ಎರಡು ಖಾರಾ ಬನ್.