ಮೈದುನನ ಮಂಡಿ

ಆಡುವುದಕ್ಕೆಂದು ಸಂಬಳ ಪಡೆದು, ಜಗಲಿಯಲ್ಲಿ ಕಾಲು ಚಾಚಿ ಕೂತೇ ಅರ್ಧ ವೃತ್ತಿಜೀವನ ಮುಗಿಸಿದ ಬ್ಯಾಸ್ಕೆಟ್‌ಬಾಲ್ ಆಟಗಾರನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಊಟವನ್ನೂ ಬಡಿಸಿದ್ದೇನೆ. ನನ್ನ ಮೈದುನ!

ಆರಡಿ ನಾಲ್ಕಂಗುಲ. ಆನೇಮಹಲ್ ಹತ್ತಿರದ ನಮ್ಮ ಎಸ್ಟೇಟ್ ಮನೆಯ ಬಾಗಿಲುಗಳಿಗೆಲ್ಲ ಅವನ ಹಣೆಯ ಪರಿಚಯವಿತ್ತು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಂಪನಿಯೊಂದು ಅವನನ್ನು ತನ್ನ ತಂಡಕ್ಕೆ ಸೇರಿಸಿಕೊಂಡಿತು. ಮೊದಲ ವರ್ಷ ಪಾದದ ಕೀಲು ಹೊರಳಿತು. ಮರುವರ್ಷ ಬೆರಳು. ಆಮೇಲೆ ಭುಜ. ಪ್ರತಿ ಸಲವೂ ಬಸ್ಸಿಳಿದು, ಬ್ಯಾಂಡೇಜು ಸುತ್ತಿದ ಅಂಗವನ್ನು ಮದುವಣಗಿತ್ತಿಯಷ್ಟು ಜೋಪಾನವಾಗಿ ಮನೆ ತುಂಬಿಸುತ್ತಿದ್ದ.

"ಈ ಸಲ ಯಾವ್ದು ಮುರ್ಕಂಡ್ ಬಂದ್ಯೋ?" ಎನ್ನುತ್ತಿದ್ದರು ಅತ್ತೆ.

"ಮುರ್ದಿಲ್ಲ ಕಣವ್ವ, ಸ್ವಲ್ಪ ಸರ್ದೈತೆ."

"ನಿಂಗೆ ಸಂಬ್ಳ ಕೊಡೋದು ಯಾಕೋ, ಬೀಳಕ್ಕಾ?"

ದೇವರು ತಪ್ಪು ತಿಳಿಯಬಾರದು, ಅವನ ಮೂಳೆ ಸರಿದಾಗಲೆಲ್ಲ ನನಗೆ ಒಳಗೊಳಗೇ ಖುಷಿ. ಹೊಸದಾಗಿ ಮದುವೆಯಾಗಿ ಬಂದವಳು ನಾನು. ಗಂಡ ದಿನವಿಡೀ ತೋಟದಲ್ಲಿ. ಬೆಳ್ಳುಳ್ಳಿ ಬಿಡಿಸುತ್ತ ನನ್ನೊಡನೆ ಹರಟಲು ಈ ಮನುಷ್ಯನಲ್ಲದೆ ಇನ್ಯಾರಿದ್ದರು?

ನಾಲ್ಕನೇ ವರ್ಷ ಎಡಮಂಡಿಗೆ ಆಪರೇಷನ್ನೇ ಆಯಿತು. ಇನ್ನೊಮ್ಮೆ ಪೆಟ್ಟಾದರೆ ಆಟ ಮುಗಿದಂತೆ ಎಂದರು ಡಾಕ್ಟರು. ದಿನಾ ಬೆಳಿಗ್ಗೆ ನನ್ನ ಹೊಲಿಗೆಯ ಟೇಪಿನಿಂದ ಎರಡೂ ತೊಡೆ ಅಳೆಯುತ್ತಿದ್ದ. ಎಡದ್ದು ಅರ್ಧ ಇಂಚು ಸೊರಗಿದ್ದರೆ ಅವತ್ತು ಬಲಗಾಲಿನೊಂದಿಗೆ ಮಾತಿಲ್ಲ!

ಅಷ್ಟರಲ್ಲಿ ಕಂಪನಿಯಿಂದ ಕಾಗದ: ಜನವರಿಯಲ್ಲಿ ಬಂದು ಓಡಿ ತೋರಿಸು, ಇಲ್ಲವೇ ಆಫೀಸಿನ ಕುರ್ಚಿಯಲ್ಲಿ ಕೂರು. ಇವನು ಸ್ಟೋರಿನ ಗೋಡೆಗೆ ರಿಂಗ್ ಹೊಡೆದ. ಕೆಳಗೆ ನಮ್ಮ ಕಾಫಿ ಕಣ, ಜನವರಿಯಲ್ಲಿ ಅದರ ತುಂಬ ಬೀಜ!

"ಅರ್ಧ ಕಣ ಬುಟ್ಕೊಡವ್ವ."

"ಕಾಫಿ ಎಲ್ಲಿ ಒಣಗಾಕ್ಲಿ, ನಿನ್ ತಲೆ ಮ್ಯಾಲಾ?"

ಕೊನೆಗೆ ರಾಜಿಯಾಯಿತು. ಬೀಜ ಕೆದಕಿ ಒಣಗಿಸುವ ಕೆಲಸ ಅವನದು, ಅದಕ್ಕೆ ಪ್ರತಿಯಾಗಿ ಮೂಲೆಯಲ್ಲಿ ಒಂದು ಪಟ್ಟಿ ಜಾಗ. ಒಂದು ಕೈಯಲ್ಲಿ ಚೆಂಡು ಪುಟಿಸುತ್ತ ಇನ್ನೊಂದರಲ್ಲಿ ಬೀಜ ಕೆದಕುತ್ತಿದ್ದ! ಎಸ್ಟೇಟಿನ ಲೆಕ್ಕ ಬರೆಯುವ ನಮ್ಮ ರೈಟರು ಒಂದು ಹಿಡಿ ಎತ್ತಿ ನೋಡಿ, "ಬೀಜಕ್ಕಿಂತ ಚೆಂಡೇ ಚೆನ್ನಾಗ್ ಒಣಗೈತೆ ಕಣ್ರೀ" ಎಂದರು.

ಅವನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಒಣಗಿದ ಕಾಫಿ ನೆನೆದರೆ ಗತಿಯೇನು? ಎಲ್ಲರೂ ಕಣಕ್ಕೆ ಓಡಿದರು, ಅವನೂ ಓಡಿದ. ಟಾರ್ಪಾಲು ಹೊದಿಸಿ ನೋಡಿದರೆ ಆಸಾಮಿ ಮಂಡಿ ಹಿಡಿದು ನೆಲದ ಮೇಲೆ!

"ಬೀಜದ ಮ್ಯಾಲೆ ಕಾಲಿಟ್ಟು ಜಾರ್ಬುಟ್ಟೆ" ಎಂದ.

ಅತ್ತೆ ಮೋಡವನ್ನು ಬೈದರು, ರಿಂಗನ್ನು ಬೈದರು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತರು. ಅವನು ಆಫೀಸಿನ ಕುರ್ಚಿಗೆ ಹೋದ. ಕಾಫಿ ಬೆಳೆಗಾರರ ಮಗನನ್ನು ಕಾಫಿಯೇ ಕೆಡವಿತೆಂದು ಮಗ್ಗೆ ಊರಿನವರೆಗಿನ ನೆಂಟರೆಲ್ಲ ನಕ್ಕರು. ಅವನೂ ಜೊತೆಗೆ ನಕ್ಕ.

ಅತ್ತೆ ತೀರಿಕೊಂಡು ವರ್ಷವಾಯಿತು. ಈಗ ಹೇಳಬಹುದು. ಅಂದು ಜಾರಿದ್ದು ಅವನಲ್ಲ, ನಾನು.

ನನಗಾಗ ಏಳು ತಿಂಗಳು. ಕಣಕ್ಕೆ ಇಳಿಯಬೇಡವೆಂದು ಹೇಳಿದ್ದರೂ ಸುಮ್ಮನೆ ನೋಡುತ್ತ ನಿಲ್ಲಲಾಗದೆ, ಟಾರ್ಪಾಲಿನ ತುದಿ ಹಿಡಿಯಲು ಓಡಿದ್ದೆ. ಚಪ್ಪಲಿಯಡಿ ಬೀಜ ಉರುಳಿತು. ಎತ್ತಿದ ಟಾರ್ಪಾಲು ಮರೆಯಾಗಿ ಉಳಿದವರಿಗೆ ಕಾಣಲಿಲ್ಲ, ಅವನಿಗೆ ಕಂಡಿತು. ಮೂರೇ ಹೆಜ್ಜೆಯಲ್ಲಿ ಬಂದು ಮೈ ತಿರುಚಿ ನನ್ನ ಕೆಳಗೆ ಬಿದ್ದ. ಒಣಕಡ್ಡಿ ಮುರಿದಂಥ ಆ ಸದ್ದು ನನಗೊಬ್ಬಳಿಗೇ ಕೇಳಿಸಿತು.

"ಅತ್ಗೆ, ಎದ್ದೋಗಿ. ನೀವ್ ಇಲ್ಲಿಗ್ ಬಂದೇ ಇಲ್ಲ."

"ಯಾಕೋ ಮಾರಾಯ?"

"ಹುಟ್ಟೋ ಕೂಸಿನ ಕಾಲ್ಗುಣ ಅಂದ್ಬುಡ್ತಾರೆ."

ಮಾರ್ಚಿನಲ್ಲಿ ಮಗಳು ಹುಟ್ಟಿದಳು. ಅವಳ ಕಾಲ್ಗುಣದ ಬಗ್ಗೆ ಈ ಮನೆಯಲ್ಲಿ ಈವರೆಗೆ ಯಾರೂ ಒಂದು ಮಾತು ಆಡಿಲ್ಲ.