ಅತ್ತೆಯ ಪಾಳಿ

ನಮ್ಮ ಸೋದರಮಾವನಿಗೆ ಒಬ್ಬ ಹೆಂಡತಿ ಇದ್ದಾಳೆಂಬುದು ಇಡೀ ಯಾದಗಿರಿ ಜಿಲ್ಲೆಗೆ ಗೊತ್ತಿತ್ತು. ಮಾವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಅನುಮಾನ!

ಚುನಾವಣೆಯ ಮೇಲೆ ಚುನಾವಣೆ ಗೆದ್ದು, ತಲೆ ಬೆಳ್ಳಗಾಗುವ ತನಕ ದಿಲ್ಲಿಯ ಸಂಸತ್ತಿನಲ್ಲಿ ಕೂತ ಮನುಷ್ಯ. ಊರಲ್ಲಿದ್ದಾಗ ಬೆಳಗಾದರೆ ಶಹಾಪುರದ ಮನೆಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದ. ಮುಂದೆ ಅರ್ಜಿ ಹಿಡಿದವರ ಪಾಳಿ. ಸುರಪುರದವರು, ಬಳಿಚಕ್ರದವರು, ನಾರಾಯಣಪುರದ ಕಾಲುವೆ ನೀರು ನಮ್ಮ ಹೊಲಕ್ಕೆ ಮುಟ್ಟಿಲ್ಲ ಎನ್ನುವವರು. ತಲೆ ಎತ್ತದೆ ಓದುವುದು, ತಲೆ ಎತ್ತದೆ ಬರೆದುಕೊಡುವುದು ಅವನ ಪದ್ಧತಿ. ನಿಯಮ ಒಂದೇ: "ಪಾಳಿ ಪ್ರಕಾರ ಬರ್ರಿ. ಮನಿಯವರು ಕಡೀಕ."

ಇದರಲ್ಲಿ ರಿಯಾಯಿತಿ ಇಲ್ಲ. ನನ್ನ ಲಗ್ನಪತ್ರಿಕೆ ಕೊಡಲು ಬಂದ ನಮ್ಮಪ್ಪನನ್ನು, ಅಂದರೆ ಸ್ವಂತ ತಂಗಿಯ ಗಂಡನನ್ನು, ಮಧ್ಯಾಹ್ನದ ತನಕ ಪಾಳಿಯಲ್ಲಿ ಕೂಡಿಸಿದ. ಕೊನೆಗೆ ಲಗ್ನಪತ್ರಿಕೆಯ ಮೇಲೆ 'ಪರಿಶೀಲಿಸಲಾಗುವುದು' ಎಂದು ಬರೆದು ಸಹಿ ಮಾಡಿ ವಾಪಸು ಕೊಟ್ಟ! ಅಪ್ಪ ಒಂದು ವರ್ಷ ಮಾತು ಬಿಟ್ಟಿದ್ದರು.

ಅತ್ತೆಗೂ ಬೇರೆ ದಾರಿ ಉಳಿಯಲಿಲ್ಲ. ಒಂದು ದಿನ ತಲೆ ಮೇಲೆ ಸೆರಗು ಹೊದ್ದು, ಅರ್ಜಿ ಹಿಡಿದು, ಪಿಂಚಣಿಗೆ ಬಂದ ಮುದುಕಿಯ ಹಿಂದೆ ಹೋಗಿ ಕೂತಳು.

"ಯಾವೂರವ್ವ?" ಅಂದ ಮಾವ, ತಲೆ ಎತ್ತದೆ.

"ನಿಮ್ಮೂರರಿ."

ದಿಲ್ಲಿ ಸಭೆಯಲ್ಲಿ ನೀವು ಕೂತದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು, ಇಷ್ಟೇ ಅರ್ಜಿ. ಮಾವ 'ಪಾಳಿ ಬಂದಾಗ' ಎಂದು ಬರೆದುಕೊಟ್ಟ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆಯೂ ನಕ್ಕಳು, ಆದರೆ ಅರ್ಜಿಯನ್ನು ಮಡಚಿ ಟ್ರಂಕಿನಲ್ಲಿಟ್ಟಳು. ಅವತ್ತು ನಕ್ಕಿದ್ದಕ್ಕೆ ನನಗೀಗ ನಾಚಿಕೆಯಾಗುತ್ತದೆ.

ಸಭೆ ತೋರಿಸಲು ಮಾವ ಯಾರನ್ನು ತಾನೇ ಕರೆದೊಯ್ಯಲಿಲ್ಲ! ಕ್ಷೌರದವನು ಹೋದ, ಬಳೆಗಾರ್ತಿ ಹೋದಳು, ಶಾಲೆಯ ಮಾಸ್ತರರು ಎರಡು ಸಲ ಹೋದರು. ಅತ್ತೆ ಹೊರಟರೆ ಮಾವನ ದಿಲ್ಲಿ ಮನೆಯ ತುಂಬ ಅಲ್ಲಿನ ದೊಡ್ಡ ಆಸ್ಪತ್ರೆಗೆ ಬಂದ ನಮ್ಮ ಕಡೆಯ ರೋಗಿಗಳು. ಅವರನ್ನು ಎಬ್ಬಿಸುವುದು ಹೇಗೆ? ಅವರಿಗೆಲ್ಲ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸುತ್ತಿದ್ದವಳೂ ಅವಳೇ. ಹೋಗಿಬಂದವರಿಗೆ ಚಹಾ ಕೊಟ್ಟು, ಸಾಹೇಬರು ಎಲ್ಲಿ ಕೂಡುತ್ತಾರೆ, ಕೆಮ್ಮು ಬಂದರೆ ನೀರು ಯಾರು ಕೊಡುತ್ತಾರೆ ಎಂದು ಕೇಳುತ್ತಿದ್ದಳು.

ಮಾವ ಕಡೆಯ ಚುನಾವಣೆ ಸೋತು ಮನೆಗೆ ಬಂದಾಗ ಸಭೆ ನೋಡಲು ಪಾಸು ಕೊಡಿಸುವ ಅಧಿಕಾರವೂ ಹೋಗಿತ್ತು. ಹೊಸದಾಗಿ ಗೆದ್ದವರನ್ನು ಕೇಳು ಎಂದೆ. ಮನೆಯವರಿಗಾಗಿ ಯಾರ ಮುಂದೂ ಕೈ ಒಡ್ಡಿದವನಲ್ಲ, ಆಗಲೂ ಒಡ್ಡಲಿಲ್ಲ. ಹೋದ ಮಾಘದಲ್ಲಿ ತೀರಿಕೊಂಡ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಹೈಸ್ಕೂಲು ಮೈದಾನದಲ್ಲಿ ವಿಭೂತಿ ಹಚ್ಚಿ, ಹಾರ ಹಾಕಿ, ಕುರ್ಚಿಯಲ್ಲಿ ಕೂಡಿಸಿದ್ದೆವು. ತಲೆ ತುಸು ಬಾಗಿತ್ತು. ಜನ ಪಾಳಿ ಹಚ್ಚಿ ಬಂದು ಕೈ ಮುಗಿಯುತ್ತಿದ್ದರು. ಪಕ್ಕದಲ್ಲಿರಬೇಕಾದ ಅತ್ತೆ ಮಾತ್ರ ಕಾಣಲಿಲ್ಲ. ಹುಡುಕಿದರೆ, ಪಾಳಿಯ ಕಟ್ಟಕಡೆಗೆ, ಬಳಿಚಕ್ರದ ರೈತನೊಬ್ಬನ ಹಿಂದೆ ಬಿಸಿಲಲ್ಲಿ ನಿಂತಿದ್ದಳು.

"ಅತ್ತಿ, ಮುಂದ ಬಾ," ಎಂದು ಕೈ ಹಿಡಿದೆ.

"ಮನಿಯವರು ಕಡೀಕಪ್ಪ," ಅಂದಳು.

ಜನ ದಾರಿ ಬಿಟ್ಟರೂ ಬರಲಿಲ್ಲ. ತಡವಾಗಿ ಬಂದವರನ್ನೂ ಮುಂದೆ ಕಳಿಸುತ್ತ ನಿಂತಳು. ಅವಳು ಕುರ್ಚಿಯ ಮುಂದೆ ಬಂದಾಗ ಹೊತ್ತು ಇಳಿದಿತ್ತು, ನನಗೆ ಅಳು ತಡೆಯಲಾಗಲಿಲ್ಲ. ಸೆರಗಿನ ಗಂಟಿನಿಂದ ಆ ಹಳೆಯ ಅರ್ಜಿ ತೆಗೆದು ಮಾವನ ಮಡಿಲಲ್ಲಿಟ್ಟಳು.

"ನನ್ನ ಪಾಳಿ ಬಂದೈತ್ರಿ," ಅಂದಳು. "ಈಗಾದ್ರೂ ತಲಿ ಎತ್ರಿ."